ನದಿಯಲ್ಲಿ ಬೋಟಿಂಗ್‌ಗೆ ಏನು ಹಾಕಿಕೊಳ್ಳಬೇಕು? ಫಾರ್ವರ್ಡ್‌ಗಳ ಸಲಹೆಯಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು?

ಮಳೆಗಾಲ ಮುಗಿದು ನವೆಂಬರ್ ಬಂತೆಂದರೆ ಕರಾವಳಿಯ ನದಿಗಳ ಕೆಂಪು ನೀರು ತಿಳಿಯಾಗುತ್ತದೆ. ತೋಡಾರು, ಮಿಜಾರು, ಮೂಡುಬಿದಿರೆಯಿಂದ ಹಿಡಿದು ಬಂಟ್ವಾಳ, ಬೆಳ್ತಂಗಡಿಯವರೆಗೆ ಮನೆಮನೆಗಳಲ್ಲಿ ಭಾನುವಾರದ ಪ್ಲ್ಯಾನ್ ಶುರುವಾಗುತ್ತದೆ. ಕಾಲೇಜು ಗೆಳೆಯರ ಗುಂಪು ಇರಲಿ, ಮುಂಬೈಯಿಂದ ಅಥವಾ ಗಲ್ಫ್‌ನಿಂದ ಊರಿಗೆ ಬಂದ ನೆಂಟರಿರಲಿ, ಬೋಟಿಂಗ್ ಎಂದ ಕೂಡಲೇ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಬರುವ ಮೊದಲ ಪ್ರಶ್ನೆ ಒಂದೇ: "ಯಾವ ಡ್ರೆಸ್ ಹಾಕುವುದು?"

ಉತ್ತರಗಳೂ ಸಾಲಾಗಿ ಬರುತ್ತವೆ. ಜೀನ್ಸ್ ಹಾಕಿದರೆ ಮುಳುಗುತ್ತೀರಿ, ಹತ್ತಿ ಬಟ್ಟೆ ಅಪಾಯ, ನೀರಿನ ಮೇಲೆ ಬಿಸಿಲು ಎರಡು ಪಟ್ಟು, ಮಕ್ಕಳಿಗೆ ನೀಲಿ ಬಟ್ಟೆ ಬೇಡ, ಈಜು ಬಂದರೆ ಜಾಕೆಟ್ ಯಾಕೆ ಎಂಬಂಥ ಮಾತುಗಳು. ಇವುಗಳಲ್ಲಿ ಕೆಲವು ಪೂರ್ತಿ ನಿಜ, ಕೆಲವು ಅರ್ಧ ನಿಜ. ಒಂದೆರಡಂತೂ ಜೀವಕ್ಕೇ ಕುತ್ತು ತರುವಂಥವು. ಒಂದೊಂದನ್ನೇ ನೋಡೋಣ.

ಚುಟುಕಾಗಿ ಉತ್ತರ

ಬೋಟಿಂಗ್ ದಿನ ನಿಮ್ಮ ಮೈಮೇಲಿನ ಮುಖ್ಯ ಉಡುಪು ಲೈಫ್ ಜಾಕೆಟ್. ಉಳಿದ ಬಟ್ಟೆಯನ್ನು ಅದರ ಒಳಗೆ ಹೊಂದುವ ಹಾಗೆ ಆರಿಸಬೇಕು. ಬೇಗ ಒಣಗುವ, ಕಾಲಿಗೆ ಸುತ್ತಿಕೊಳ್ಳದ, ತೋಳು ಮುಚ್ಚುವ ಬಟ್ಟೆ ಸಾಕು. ಮನೆಯ ಕಪಾಟಿನಲ್ಲಿ ಇರುವುದರಲ್ಲೇ ಇದು ಸಿಗುತ್ತದೆ, ಹೊಸದು ಕೊಳ್ಳಬೇಕಾಗಿಲ್ಲ. ನೋಡಲೂ ಚೆನ್ನಾಗಿರುತ್ತದೆ.

ಮೊದಲು, ಎಲ್ಲಿಗೆ ಹೊರಟಿದ್ದೀರಿ?

"ಬೋಟಿಂಗ್" ಎಂಬ ಒಂದೇ ಪದದಡಿ ನಮ್ಮ ಕಡೆ ನಾಲ್ಕೈದು ಬಗೆಯ ಪ್ರಯಾಣಗಳಿವೆ. ಪಿಲಿಕುಳದ್ದು ಕೆರೆ, ಅಲ್ಲಿ ನೀರು ನಿಂತಿರುತ್ತದೆ. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ಹೋಗುವ ಫೆರ್ರಿ ಫಲ್ಗುಣಿ ನದಿಯನ್ನು ದಾಟಿಸುತ್ತದೆ. ಮೂಲ್ಕಿಯ ಶಾಂಭವಿ ನದಿಯಲ್ಲಿ ಕಯಾಕಿಂಗ್ ಇದೆ, ಅಲ್ಲಿ ಹುಟ್ಟು ಹಾಕುವವರು ನೀವೇ. ಸ್ವರ್ಣಾ, ಸೀತಾ ನದಿಗಳು ಸಮುದ್ರ ಸೇರುವ ಕೋಡಿ ಬೆಂಗ್ರೆ ಕಡೆಯ ಹಿನ್ನೀರಿನಲ್ಲಿ ಬೋಟ್ ಹೌಸ್‌ಗಳಿವೆ.

ಫಲ್ಗುಣಿಯನ್ನೇ ನೋಡಿ. ವೇಣೂರಿನಲ್ಲಿ ನಾವು ಕಾಣುವ ನದಿ ಗುರುಪುರ ಸೇತುವೆಯ ಕೆಳಗೆ ಹಾದು ತಣ್ಣೀರುಬಾವಿ ತಲುಪುವ ಹೊತ್ತಿಗೆ ಬೇರೆಯೇ ಆಗಿರುತ್ತದೆ. ಅಲ್ಲಿ ನದಿ ಅಗಲ, ನೀರು ಉಪ್ಪು, ಸಮುದ್ರದ ಉಬ್ಬರ ಇಳಿತವೂ ಉಂಟು. ಬೆಳಿಗ್ಗೆ ಶಾಂತವಾಗಿದ್ದ ನೀರಿಗೆ ಮಧ್ಯಾಹ್ನದ ಮೇಲೆ ಪಶ್ಚಿಮದ ಕಡಲಗಾಳಿ ಬೀಸಿ ಅಲೆ ಏಳುತ್ತದೆ, ಬೋಟಿನಲ್ಲಿ ಕೂತವರ ಮೇಲೆ ನೀರು ಸಿಡಿಯುತ್ತದೆ. ಕಯಾಕ್‌ನಲ್ಲಂತೂ ಒದ್ದೆಯಾಗುವುದು ಖಚಿತ. ಆದ್ದರಿಂದ "ನಾವು ಸುಮ್ಮನೆ ಕೂತಿರುವುದು, ನೀರಿಗೆ ಇಳಿಯುವುದಿಲ್ಲ" ಎಂದುಕೊಂಡು ಬಟ್ಟೆ ಆರಿಸಬೇಡಿ. ಒದ್ದೆಯಾಗುತ್ತೇವೆ ಎಂದುಕೊಂಡೇ ಹೊರಡಿ.

ಹೇಳಿಕೆ 1: "ಈಜು ಬರುವವರಿಗೆ ಲೈಫ್ ಜಾಕೆಟ್ ಬೇಡ"

ಇದು ತಪ್ಪು. ಹೆಚ್ಚು ಹಾನಿ ಮಾಡುವುದೂ ಇದೇ.

ಮನುಷ್ಯನ ದೇಹದ ಸಾಂದ್ರತೆ ನೀರಿನ ಸಾಂದ್ರತೆಗೆ ತುಂಬ ಹತ್ತಿರ. ಶ್ವಾಸಕೋಶದ ತುಂಬ ಗಾಳಿ ಇದ್ದರೆ ಹೆಚ್ಚಿನವರು ಅಷ್ಟಿಷ್ಟು ತೇಲುತ್ತಾರೆ, ಉಸಿರು ಬಿಟ್ಟರೆ ಮುಳುಗುತ್ತಾರೆ. ತಲೆಯನ್ನು ನೀರಿನ ಮೇಲೆ ಇರಿಸಿಕೊಳ್ಳಲು ಒಬ್ಬ ವಯಸ್ಕರಿಗೆ ಹೊರಗಿನಿಂದ ಬೇಕಾಗುವ ಬೆಂಬಲ ಬಹಳವೇನಿಲ್ಲ, ಸುಮಾರು 3ರಿಂದ 5 ಕೆಜಿಯಷ್ಟು. ಶಾಂತ ನೀರಿಗೆಂದು ಮಾಡಿದ ಅಂತರರಾಷ್ಟ್ರೀಯ ಮಟ್ಟದ ಜಾಕೆಟ್ 100 ನ್ಯೂಟನ್, ಅಂದರೆ ಸುಮಾರು 10 ಕೆಜಿ ಎತ್ತುವಷ್ಟು ತೇಲುಬಲ ಕೊಡುತ್ತದೆ. ಬೇಕಾದುದಕ್ಕಿಂತ ಎರಡು ಪಟ್ಟು.

ಈಜುಗಾರರಿಗೂ ಇದು ಬೇಕು. ಬೋಟ್ ಮಗುಚಿದಾಗ ಆಗುವುದು ಈಜುಕೊಳದ ಈಜಿನಂತಲ್ಲ. ತಲೆಗೆ ಪೆಟ್ಟು ಬೀಳಬಹುದು, ಪಕ್ಕದವರು ಗಾಬರಿಯಿಂದ ತಬ್ಬಿಕೊಳ್ಳಬಹುದು, ಮೊದಲ ಉಸಿರಿಗೇ ನೀರು ಒಳಗೆ ಹೋಗಬಹುದು. ಅಮೆರಿಕದ ಕೋಸ್ಟ್ ಗಾರ್ಡ್‌ನ ವಾರ್ಷಿಕ ವರದಿಗಳ ಪ್ರಕಾರ, ಮನರಂಜನೆಯ ಬೋಟಿಂಗ್‌ನಲ್ಲಿ ಮುಳುಗಿ ಸತ್ತವರಲ್ಲಿ 100ಕ್ಕೆ 80ಕ್ಕಿಂತ ಹೆಚ್ಚು ಮಂದಿ ಜಾಕೆಟ್ ಧರಿಸಿರಲಿಲ್ಲ.

ನಮ್ಮ ಸುತ್ತಮುತ್ತಲೂ ದುರಂತಗಳಾಗಿವೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಪ್ರವಾಸಿ ಬೋಟ್ ಮುಳುಗಿ 22 ಜನ ಹೋದರು, ಅವರಲ್ಲಿ ಮಕ್ಕಳೇ ಹಲವರು. 2024ರ ಜನವರಿ 18ರಂದು ವಡೋದರಾದ ಹರ್ಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 14 ಜನ ಸತ್ತರು. ಅಲ್ಲಿ ಹೆಚ್ಚಿನ ಮಕ್ಕಳಿಗೆ ಜಾಕೆಟ್ ಇರಲಿಲ್ಲ ಎಂದು ವರದಿಯಾಗಿತ್ತು. ಹರ್ಣಿಯದು ನದಿ ಕೂಡ ಅಲ್ಲ, ಊರೊಳಗಿನ ಕೆರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ನೀರಿನಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ.

ಜಾಕೆಟ್ ಒಂದೇ ಎಲ್ಲವನ್ನೂ ತಡೆಯುವುದಿಲ್ಲ. ಮಿತಿ ಮೀರಿ ಜನ ತುಂಬಿದ ಬೋಟಿಗೆ ಹತ್ತದಿರುವುದು ಅದಕ್ಕೂ ಮೊದಲಿನ ಕೆಲಸ. ಬೋಟ್ ಹೌಸ್‌ನಂಥ ಮುಚ್ಚಿದ ಬೋಟಿನಲ್ಲಿ ಬಾಗಿಲು ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ, ಆದಷ್ಟು ತೆರೆದ ಭಾಗದಲ್ಲೇ ಕುಳಿತುಕೊಳ್ಳಿ. ಮುಚ್ಚಿದ ಕೋಣೆಯೊಳಗೆ ನೀರು ನುಗ್ಗಿದರೆ ಜಾಕೆಟ್ ನಿಮ್ಮನ್ನು ಚಾವಣಿಗೆ ಒತ್ತಿ ಹಿಡಿಯಬಹುದು.

ಜಾಕೆಟ್ ಸರಿಯಾಗಿದೆಯೇ? ಅರ್ಧ ನಿಮಿಷದ ಪರೀಕ್ಷೆ

- ಎಲ್ಲ ಬಕಲ್ ಹಾಕಿ, ಪಟ್ಟಿಗಳನ್ನು ಬಿಗಿಯಾಗಿ ಎಳೆಯಿರಿ.
- ಕೈಗಳನ್ನು ಮೇಲೆತ್ತಿ. ಭುಜದ ಹತ್ತಿರ ಹಿಡಿದು ಜಾಕೆಟನ್ನು ಮೇಲಕ್ಕೆ ಎಳೆಯಲು ಪಕ್ಕದವರಿಗೆ ಹೇಳಿ. ಅದು ಗಲ್ಲ, ಕಿವಿಯವರೆಗೆ ಜಾರಿ ಬಂದರೆ ಸೈಜು ದೊಡ್ಡದು. ನೀರಿಗೆ ಬಿದ್ದರೆ ಜಾಕೆಟ್ ಮೇಲೆ ಹೋಗುತ್ತದೆ, ನೀವು ಕೆಳಗೆ ಉಳಿಯುತ್ತೀರಿ.
- ಒಳಗಿನ ಫೋಮ್ ಒತ್ತಿ ನೋಡಿ. ಗಟ್ಟಿಯಾಗಿದ್ದರೆ, ಒತ್ತಿದ ಕಡೆ ತಗ್ಗಾಗಿಯೇ ಉಳಿದರೆ, ಬಟ್ಟೆ ಹರಿದಿದ್ದರೆ ಬೇರೆ ಕೇಳಿ.

ಜಾಕೆಟನ್ನು ಮಡಿಲಲ್ಲಿಟ್ಟುಕೊಂಡು ಕೂರುವುದು, ಬಕಲ್ ಹಾಕದೆ ಹೆಗಲಿಗೆ ನೇತು ಹಾಕುವುದು ಎರಡೂ ಕೆಲಸಕ್ಕೆ ಬಾರದು. ಬೋಟ್ ಮಗುಚುವುದು ಕೆಲವೇ ಕ್ಷಣಗಳಲ್ಲಿ. ಹಾಕಿಕೊಳ್ಳಲು ಆಗ ಸಮಯ ಸಿಗುವುದಿಲ್ಲ.

ಹೇಳಿಕೆ 2: "ಜೀನ್ಸ್ ನೀರು ಕುಡಿದು ಭಾರವಾಗಿ ಮುಳುಗಿಸುತ್ತದೆ"

ಅರ್ಧ ನಿಜ. ಸಲಹೆ ಸರಿ, ಕೊಟ್ಟ ಕಾರಣ ತಪ್ಪು.

ಬಟ್ಟೆ ಹೀರಿಕೊಂಡ ನೀರಿಗೆ ನೀರಿನೊಳಗೆ ತೂಕವಿಲ್ಲ. ಬಾವಿಯಿಂದ ಕೊಡ ಎಳೆದವರಿಗೆ ಇದು ಗೊತ್ತು. ಕೊಡ ನೀರಿನೊಳಗೆ ಇರುವಷ್ಟು ಹೊತ್ತು ಹಗುರ, ಮೇಲೆ ಬಂದ ಕೂಡಲೇ ಭಾರ. ಹತ್ತಿಯ ನಾರು ನೀರಿಗಿಂತ ಸುಮಾರು ಒಂದೂವರೆ ಪಟ್ಟು ಸಾಂದ್ರ. ಲೆಕ್ಕ ಹಾಕಿದರೆ 700 ಗ್ರಾಂ ತೂಗುವ ಜೀನ್ಸ್ ನೀರಿನೊಳಗೆ ನಿಮ್ಮನ್ನು ಎಳೆಯುವುದು ಸುಮಾರು 250 ಗ್ರಾಂನಷ್ಟು ಮಾತ್ರ. ಬಿದ್ದ ಮೊದಲ ಕ್ಷಣಗಳಲ್ಲಿ ಬಟ್ಟೆಯ ಒಳಗೆ ಸಿಕ್ಕಿಕೊಂಡ ಗಾಳಿ ತೇಲಲು ಸ್ವಲ್ಪ ಸಹಾಯವನ್ನೂ ಮಾಡುತ್ತದೆ.

ಹಾಗಾದರೆ ಜೀನ್ಸ್ ಯಾಕೆ ಬೇಡ? ಎರಡು ಕಾರಣ. ಒದ್ದೆ ಜೀನ್ಸ್ ಕಾಲಿಗೆ ಅಂಟಿ ಮಂಡಿ ಮಡಚಲು ಬಿಡುವುದಿಲ್ಲ, ಕಾಲು ಬಡಿಯಲು ಕಷ್ಟ. ಅದಕ್ಕಿಂತ ದೊಡ್ಡದು ಬೋಟಿಗೆ ಮರಳಿ ಹತ್ತುವ ಹೊತ್ತು. ಜೀನ್ಸ್ 1 ಲೀಟರ್ ನೀರು ಹೀರಿಕೊಂಡಿದ್ದರೆ, ನೀರಿನಿಂದ ಮೇಲೆ ಬಂದ ಕ್ಷಣ ಸೊಂಟದಲ್ಲಿ 1.7 ಕೆಜಿ ತೂಗುತ್ತಿರುತ್ತದೆ. ದಣಿದ ಕೈಗಳಿಗೆ ಅಷ್ಟೇ ಸಾಕಾಗುತ್ತದೆ.

ಮನೆಯಲ್ಲೇ ಪರೀಕ್ಷಿಸಿ. ಒಂದು ಜೀನ್ಸ್, ಒಂದು ಟ್ರ್ಯಾಕ್ ಪ್ಯಾಂಟ್ ಎರಡನ್ನೂ ಒಣಗಿದ್ದಾಗ ತೂಗಿ. ಬಕೆಟಿನಲ್ಲಿ ಅದ್ದಿ, ಹಿಂಡದೆ ಒಂದು ನಿಮಿಷ ನೀರಿಳಿಯಲು ಬಿಟ್ಟು ಮತ್ತೆ ತೂಗಿ. ವ್ಯತ್ಯಾಸ ನಿಮಗೇ ಕಾಣುತ್ತದೆ.

"ಗಂಬೂಟಿನೊಳಗೆ ನೀರು ತುಂಬಿದರೆ ಎಳೆದುಕೊಂಡು ಹೋಗುತ್ತದೆ" ಎಂಬ ಮಾತಿಗೂ ಇದೇ ಉತ್ತರ. ಅದು ಎಳೆಯುವುದಿಲ್ಲ, ಆದರೆ ಕಾಲು ಬಡಿಯಲೂ ಮೇಲೆ ಹತ್ತಲೂ ಬಿಡುವುದಿಲ್ಲ.

ಹೇಳಿಕೆ 3: "ಹತ್ತಿ ಬಟ್ಟೆ ಜೀವಕ್ಕೆ ಅಪಾಯ"

ಇದು ಚಳಿದೇಶದಿಂದ ಬಂದ ಸಲಹೆ. ಅಲ್ಲಿ ಸರಿ, ಇಲ್ಲಿಗೆ ಹಾಗೆಯೇ ಹೊಂದುವುದಿಲ್ಲ.

ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಅಮೆರಿಕ, ಯುರೋಪಿನ ಗುಡ್ಡಗಾಡಿನ ತಣ್ಣಗಿನ ನದಿಗಳಲ್ಲಿ ಒದ್ದೆ ಹತ್ತಿ ಮೈಗೆ ಅಂಟಿಕೊಂಡರೆ ದೇಹದ ಉಷ್ಣತೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅಲ್ಲಿನ ವಿಡಿಯೊಗಳು ಹತ್ತಿ ಬೇಡ ಎನ್ನುವುದು ಅದಕ್ಕೇ. ನಮ್ಮ ಕರಾವಳಿಯ ಅಳಿವೆಗಳ ನೀರು ಸಾಮಾನ್ಯವಾಗಿ 27ರಿಂದ 30 ಡಿಗ್ರಿ ಸೆಲ್ಸಿಯಸ್. ಒಂದು ಗಂಟೆಯ ಬೋಟಿಂಗ್‌ನಲ್ಲಿ ಹತ್ತಿ ಅಂಗಿಯಿಂದ ಅಂಥ ಅಪಾಯವಿಲ್ಲ.

ಹತ್ತಿಯ ತೊಂದರೆ ಬೇರೆ. ಅದು ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಸಾಮಾನ್ಯ ಹವೆಯಲ್ಲೇ ಹತ್ತಿಯ ನಾರು ತನ್ನ ತೂಕದ ಶೇ. 8ರಷ್ಟು ತೇವ ಹಿಡಿದಿರುತ್ತದೆ, ಪಾಲಿಯೆಸ್ಟರ್ ಶೇ. 0.4ರಷ್ಟು ಮಾತ್ರ. ಕರಾವಳಿಯ ಸೆಕೆಗಾಳಿಯಲ್ಲಿ ಮೊದಲೇ ತೇವ ಹೆಚ್ಚು, ಒದ್ದೆ ಹತ್ತಿ ಬೇಗ ಒಣಗುವುದಿಲ್ಲ. ಅದೇ ಬಟ್ಟೆಯಲ್ಲಿ ಸ್ಕೂಟರ್ ಏರಿ ಮೂಡುಬಿದಿರೆಯವರೆಗೆ ಗಾಳಿಗೆ ಮುಖ ಒಡ್ಡಿದರೆ ನಡುಕ ಹುಟ್ಟುತ್ತದೆ, ತೊಡೆಯ ಸಂದಿ ಉಜ್ಜಿ ಉರಿಯುತ್ತದೆ.

ಆದ್ದರಿಂದ ತೆಳ್ಳಗಿನ ಹತ್ತಿ ಅಂಗಿ ನಡೆಯುತ್ತದೆ, ದಪ್ಪ ಹತ್ತಿ ಬೇಡ. ಎಲ್ಲಕ್ಕಿಂತ ಒಳ್ಳೆಯದು ನಮ್ಮೂರಿನ ಹೆಚ್ಚಿನ ಮನೆಗಳಲ್ಲಿ ಆಗಲೇ ಇದೆ: ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ಟೂರ್ನಮೆಂಟಿಗೆ ಹೊಲಿಸಿದ ಜೆರ್ಸಿ. ಪಾಲಿಯೆಸ್ಟರ್, ಹಗುರ, ಬೇಗ ಒಣಗುತ್ತದೆ, ಬಣ್ಣವೂ ಗಾಢ. ಉದ್ದ ತೋಳಿನದ್ದಾದರೆ ಇನ್ನೂ ಒಳ್ಳೆಯದು.

ಹೇಳಿಕೆ 4: "ನೀರಿನ ಮೇಲೆ ಬಿಸಿಲು ಎರಡು ಪಟ್ಟು"

ಉತ್ಪ್ರೇಕ್ಷೆ. ಆದರೆ ಬೋಟಿನಲ್ಲಿ ಚರ್ಮ ಸುಡುವುದು ನಿಜ.

ವಿಶ್ವ ಆರೋಗ್ಯ ಸಂಸ್ಥೆಯ ಮಾಹಿತಿಯಂತೆ ನೀರು ಪ್ರತಿಫಲಿಸುವ ಅತಿನೇರಳೆ ಕಿರಣ ಶೇ. 10ಕ್ಕಿಂತ ಕಡಿಮೆ. ಒಣ ಮರಳು ಇದಕ್ಕಿಂತ ಹೆಚ್ಚು, ಸುಮಾರು ಶೇ. 15 ಪ್ರತಿಫಲಿಸುತ್ತದೆ. ಬೋಟಿನಲ್ಲಿ ಮೈ ಸುಡುವುದಕ್ಕೆ ಮುಖ್ಯ ಕಾರಣ, ಅಲ್ಲಿ ತೆಂಗಿನ ಮರದ ನೆರಳೂ ಇಲ್ಲ, ಗೋಡೆಯ ಮರೆಯೂ ಇಲ್ಲ. ಇಡೀ ಆಕಾಶ ತೆರೆದಿರುತ್ತದೆ. ಜೊತೆಗೆ ಗಾಳಿ ಬೀಸುವುದರಿಂದ ಬಿಸಿಲಿನ ಬಿಸಿ ಗೊತ್ತಾಗುವುದಿಲ್ಲ, ರಾತ್ರಿ ಮನೆಗೆ ಬಂದ ಮೇಲೆ ಕುತ್ತಿಗೆ ಉರಿಯುತ್ತದೆ. ಮೋಡ ಇದೆ ಎಂದು ನಂಬುವಂತೆಯೂ ಇಲ್ಲ. ತೆಳು ಮೋಡದ ಮೂಲಕ ಶೇ. 90ರವರೆಗೆ ಅತಿನೇರಳೆ ಕಿರಣ ಇಳಿದು ಬರಬಹುದು.

ಬಟ್ಟೆ ಎಷ್ಟು ಕಿರಣ ತಡೆಯುತ್ತದೆ ಎನ್ನುವುದಕ್ಕೆ ಯುಪಿಎಫ್ ಎಂಬ ಅಳತೆ ಇದೆ. ಯುಪಿಎಫ್ 50 ಎಂದರೆ ಐವತ್ತರಲ್ಲಿ ಒಂದು ಪಾಲು ಮಾತ್ರ ಒಳಗೆ ಬರುತ್ತದೆ. ಸಾಮಾನ್ಯ ಬಿಳಿ ಹತ್ತಿ ಟೀ ಶರ್ಟಿನದು 5ರ ಆಸುಪಾಸು, ಒದ್ದೆಯಾದರೆ 3ರಷ್ಟಕ್ಕೆ ಇಳಿಯುತ್ತದೆ. ಅಂದರೆ ಮೂರರಲ್ಲಿ ಒಂದು ಪಾಲು ಚರ್ಮಕ್ಕೆ ತಲುಪುತ್ತದೆ. ದಟ್ಟ ನೇಯ್ಗೆ, ಗಾಢ ಬಣ್ಣ ಇದ್ದರೆ ರಕ್ಷಣೆ ಹೆಚ್ಚು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಆಚೆ ಕಡೆ ಸ್ಪಷ್ಟವಾಗಿ ಕಂಡರೆ ಬಿಸಿಲೂ ದಾಟಿ ಬರುತ್ತದೆ.

"ಗಾಢ ಬಣ್ಣ ಹಾಕಿದರೆ ಸೆಕೆ" ಎನ್ನುತ್ತೀರಾ? ಮರುಭೂಮಿಯ ಬೆಡೊಯಿನ್ ಜನರ ಕಪ್ಪು ನಿಲುವಂಗಿಯ ಬಗ್ಗೆ 1980ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು. ಕಪ್ಪು ಬಟ್ಟೆ ಹೆಚ್ಚು ಶಾಖ ಹೀರಿದರೂ, ಅಂಗಿ ಸಡಿಲವಾಗಿದ್ದರೆ ಆ ಶಾಖ ಚರ್ಮ ಮುಟ್ಟುವ ಮೊದಲೇ ಗಾಳಿಗೆ ಹೋಗುತ್ತದೆ ಎಂದು ಅದು ತೋರಿಸಿತು. ಮೈಗೆ ಅಂಟಿದ ಕಪ್ಪು ಟೀ ಶರ್ಟಿಗೆ ಇದು ಅನ್ವಯವಾಗುವುದಿಲ್ಲ.

ತಲೆಗೆ ಸುತ್ತಲೂ ಅಂಚಿರುವ ಟೋಪಿ, ಗಲ್ಲದ ಕೆಳಗೆ ಕಟ್ಟುವ ದಾರದೊಂದಿಗೆ. ಕ್ಯಾಪ್ ಕಿವಿ, ಕುತ್ತಿಗೆಯನ್ನು ಕಾಯುವುದಿಲ್ಲ. ಅಡಿಕೆ ಹಾಳೆಯ ಮುಟ್ಟಾಳೆ ನೆತ್ತಿಗೆ ತಂಪು, ಫೋಟೊಗೂ ಚೆಂದ, ಆದರೆ ಕಿವಿ ಮುಚ್ಚಲು ಅದರ ಕೆಳಗೊಂದು ಬೈರಾಸು ಸುತ್ತಿಕೊಳ್ಳಿ. ಬೋಟಿನಲ್ಲಿ ಕೊಡೆ ಬಿಡಿಸಬೇಡಿ, ಅದು ಗಾಳಿಗೆ ಹಾಯಿಯಾಗುತ್ತದೆ. ತೆರೆದ ಚರ್ಮಕ್ಕೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ.

ಹೇಳಿಕೆ 5: "ಮಕ್ಕಳಿಗೆ ನೀಲಿ ಬಟ್ಟೆ ಬೇಡ, ನೀರಿನಲ್ಲಿ ಕಾಣಿಸುವುದಿಲ್ಲ"

ಬಹುಮಟ್ಟಿಗೆ ನಿಜ.

ಈ ಫಾರ್ವರ್ಡ್‌ನ ಚಿತ್ರಗಳ ಮೂಲ ಅಮೆರಿಕದ ಅಲೈವ್ ಸೊಲ್ಯೂಷನ್ಸ್ ಎಂಬ ಸಂಸ್ಥೆ ಮಾಡಿದ ಪ್ರಯೋಗ. ಬೇರೆ ಬೇರೆ ಬಣ್ಣದ ಈಜುಡುಪುಗಳನ್ನು ನೀರಿನೊಳಗೆ ಇಳಿಸಿ ಫೋಟೊ ತೆಗೆದಿದ್ದರು. ಈಜುಕೊಳದಲ್ಲಿ ಬಿಳಿ, ತಿಳಿನೀಲಿ ಮಾಯವಾದವು. ಕೆರೆಯ ನೀರಿನಲ್ಲಿ ಹೊಳೆಯುವ ಹಳದಿ, ಹಸಿರು, ಕಿತ್ತಳೆ ಮಾತ್ರ ಚೆನ್ನಾಗಿ ಕಂಡವು. ಇದು ಸರಳ ಪ್ರಯೋಗವಾದರೂ ಭೌತಶಾಸ್ತ್ರಕ್ಕೆ ಹೊಂದುತ್ತದೆ. ಮಣ್ಣು, ಕೊಳೆತ ಎಲೆಗಳ ರಸ ಸೇರಿದ ಕಂದು ನೀರು ನೀಲಿ ಬೆಳಕನ್ನು ಬೇಗ ನುಂಗುತ್ತದೆ. ಹೊಳೆಯುವ ಬಣ್ಣಗಳು ನೀಲಿ, ಅತಿನೇರಳೆ ಬೆಳಕನ್ನು ಹೀರಿ ಕಣ್ಣಿಗೆ ಕಾಣುವ ಬೆಳಕಾಗಿ ಮರಳಿ ಬಿಡುತ್ತವೆ.

ಆದರೆ ಒಂದು ಮಾತು. ನಮ್ಮ ಕಲಕಿದ ನದಿನೀರಿನಲ್ಲಿ ಎರಡು ಮೂರು ಅಡಿ ಕೆಳಗೆ ಯಾವ ಬಣ್ಣವನ್ನೂ ನಂಬುವಂತಿಲ್ಲ. ಮಗು ನೀರಿನ ಮೇಲೆಯೇ ಇರುವಂತೆ ಮಾಡುವುದು ಜಾಕೆಟ್. ಬಣ್ಣ ಅದರ ನಂತರ.

ಸೀರೆ, ಚೂಡಿದಾರ್, ಬುರ್ಖಾ, ಪಂಚೆ: ಏನು ಮಾಡುವುದು?

ದೇವಸ್ಥಾನಕ್ಕೆ, ಮದುವೆಗೆ ಬಂದವರು ಹಾಗೆಯೇ ಫೆರ್ರಿ ಹತ್ತುವುದು ನಮ್ಮಲ್ಲಿ ಮಾಮೂಲು. ಅಮ್ಮ, ಅಜ್ಜಿಗೆ "ಟ್ರ್ಯಾಕ್ ಪ್ಯಾಂಟ್ ಹಾಕಿ" ಎಂದರೆ ಆಗುವ ಮಾತೂ ಅಲ್ಲ. ಉಟ್ಟ ಉಡುಪಿನಲ್ಲೇ ಹೀಗೆ ಮಾಡಬಹುದು.

- ಸೀರೆ: ಐದೂವರೆ ಮೀಟರ್ ಬಟ್ಟೆ ಒದ್ದೆಯಾದರೆ ಎರಡೂ ಕಾಲಿಗೆ ಸುತ್ತಿಕೊಳ್ಳುತ್ತದೆ. ರೇಷ್ಮೆ ಬಿಟ್ಟು ಹಗುರವಾದ ಸಿಂಥೆಟಿಕ್ ಸೀರೆ ಉಡಿ, ಹಿಮ್ಮಡಿಗಿಂತ ಸ್ವಲ್ಪ ಮೇಲಕ್ಕೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅದರ ಮೇಲೆ ಜಾಕೆಟ್ ಹಾಕಿ. ಒಳಗೆ ಲೆಗ್ಗಿಂಗ್ಸ್ ಇದ್ದರೆ, ನೀರಿನಲ್ಲಿ ಸೀರೆ ಸಡಿಲಿಸಬೇಕಾಗಿ ಬಂದಾಗ ಸಂಕೋಚಕ್ಕೆ ಸಮಯ ಹೋಗುವುದಿಲ್ಲ.
- ಚೂಡಿದಾರ್: ಲೆಗ್ಗಿಂಗ್ಸ್, ಪಕ್ಕ ಸೀಳಿರುವ ಗಿಡ್ಡ ಕುರ್ತಾ ಒಳ್ಳೆಯ ಜೋಡಿ. ಅಗಲವಾದ ಪಲಾಜೊ ಬೋಟಿನ ಅಂಚಿಗೆ ಸಿಕ್ಕಿ ಎಡವಿಸುತ್ತದೆ. ದುಪಟ್ಟಾ ಬ್ಯಾಗಿನಲ್ಲಿರಲಿ. ಎಂಜಿನ್ ಹತ್ತಿರ ಹಾರಾಡುವ ಬಟ್ಟೆ ತಿರುಗುವ ಭಾಗಕ್ಕೆ ಸಿಕ್ಕರೆ ಕುತ್ತಿಗೆಗೇ ಬಿಗಿಯುತ್ತದೆ.
- ಬುರ್ಖಾ, ಹಿಜಾಬ್: ಜಾಕೆಟ್ ಯಾವಾಗಲೂ ಮೇಲೆಯೇ ಇರಬೇಕು, ಬಟ್ಟೆಯ ಒಳಗೆ ಅಲ್ಲ. ಹಿಜಾಬ್‌ನ ತುದಿಗಳನ್ನು ಒಳಗೆ ಸೇರಿಸಿ. ಬುರ್ಖಾದ ಕೆಳಗೆ ಪ್ಯಾಂಟ್ ಇರಲಿ, ಹತ್ತುವಾಗ ಇಳಿಯುವಾಗ ಅಂಚನ್ನು ಎತ್ತಿ ಹಿಡಿಯಿರಿ.
- ಪಂಚೆ, ಲುಂಗಿ: ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ಒಳಗೆ ಚಡ್ಡಿ ಇರಲಿ. ನಮ್ಮ ಮೀನುಗಾರರು ದೋಣಿಯಲ್ಲಿ ಲುಂಗಿ ಮಡಚಿ ಕಟ್ಟುವುದು ಬರೀ ಸೆಕೆಗಲ್ಲ, ಕಾಲಿಗೆ ಬಿಡುವು ಬೇಕು ಎಂದು.

ಉದ್ದ ಬಟ್ಟೆಯಿಂದ ಒಂದು ಉಪಕಾರವೂ ಉಂಟು. 2020ರ ಆಗಸ್ಟ್‌ನಲ್ಲಿ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕೊಟ್ಟಾರೈ ಅಣೆಕಟ್ಟಿನಲ್ಲಿ ನಾಲ್ವರು ಯುವಕರು ಮುಳುಗುತ್ತಿದ್ದಾಗ, ಅಲ್ಲಿದ್ದ ಮೂವರು ಮಹಿಳೆಯರು ತಮ್ಮ ಸೀರೆಗಳನ್ನು ಬಿಚ್ಚಿ ಎಸೆದು ಇಬ್ಬರನ್ನು ಎಳೆದು ಉಳಿಸಿದರು. ಮುಳುಗುತ್ತಿರುವವರನ್ನು ಕಂಡರೆ ನೀರಿಗೆ ಹಾರುವ ಬದಲು ಏನಾದರೂ ಎಸೆಯಿರಿ: ಹಗ್ಗ, ಸೀರೆ, ದುಪಟ್ಟಾ, ಖಾಲಿ ಕ್ಯಾನ್, ಯಾವುದಾದರೂ ಸರಿ.

ಕಾಲಿಗೆ ಏನು?

ಬಹಳಷ್ಟು ಮಂದಿ ಜಾರಿ ಬೀಳುವುದು ಬೋಟಿನೊಳಗಲ್ಲ, ಹತ್ತುವ ಮೆಟ್ಟಿಲಿನಲ್ಲಿ. ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ಕಾಣುವ ಜೆಟ್ಟಿ ಮೆಟ್ಟಿಲುಗಳ ಮೇಲೆ ಪಾಚಿ ಕಟ್ಟಿರುತ್ತದೆ. ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಹಾಕಿ. ಹವಾಯಿ ಚಪ್ಪಲಿ ನೀರಿಗೆ ಬಿದ್ದ ಕೂಡಲೇ ಕಳಚಿ ಹೋಗುತ್ತದೆ. ಹೈ ಹೀಲ್ಸ್, ಚರ್ಮದ ಶೂ ಬೇಡ. ಅಳಿವೆಯ ಕಲ್ಲುಗಳಿಗೆ ಅಂಟಿದ ಚಿಪ್ಪುಗಳು ಬ್ಲೇಡಿನಂತೆ ಕೊಯ್ಯುವುದರಿಂದ ಬರಿಗಾಲೂ ಒಳ್ಳೆಯದಲ್ಲ.

ಮಕ್ಕಳಿಗೆ

ಮಗುವಿಗೆ ದೊಡ್ಡವರ ಜಾಕೆಟ್ ಹಾಕುವುದು ಹಾಕದಿದ್ದಂತೆಯೇ, ಅದು ತಲೆಯ ಮೇಲಿಂದ ಕಳಚಿ ಹೋಗುತ್ತದೆ. ಮಗುವಿನ ತೂಕಕ್ಕೆ ತಕ್ಕ, ಕಾಲುಗಳ ನಡುವೆ ಹಾಯುವ ಪಟ್ಟಿ ಇರುವ ಜಾಕೆಟ್ ಕೇಳಿ. ತೋಳಿಗೆ ಹಾಕುವ ಗಾಳಿಬುಗ್ಗೆ, ಟ್ಯೂಬ್ ಎಲ್ಲ ಆಟಿಕೆಗಳು, ರಕ್ಷಣೆಯ ಸಾಧನಗಳಲ್ಲ. ಮಗುವಿನ ಅಳತೆಯ ಜಾಕೆಟ್ ಬೋಟಿನವರ ಬಳಿ ಇಲ್ಲವೆಂದರೆ ಆ ಬೋಟ್ ಹತ್ತಬೇಡಿ. ಹಿಂದಿರುಗುವುದು ನಾಚಿಕೆಯ ವಿಷಯವಲ್ಲ.

"ಆದರೆ ಫೋಟೊ ಚೆನ್ನಾಗಿ ಬರಬೇಕಲ್ಲ!"

ಖಂಡಿತ ಬರಬೇಕು. ಜಾಕೆಟ್ ಬಿಚ್ಚಿ ಪೋಸ್ ಕೊಡುವ ಆ ಎರಡು ನಿಮಿಷವೇ ಹೆಚ್ಚು ಅಪಾಯದ್ದು. ಎಲ್ಲರೂ ಒಂದೇ ಬದಿಗೆ ಸೇರಿರುತ್ತಾರೆ, ಒಬ್ಬರು ಎದ್ದು ನಿಂತಿರುತ್ತಾರೆ, ಬೋಟ್ ವಾಲಿರುತ್ತದೆ. ಅದರ ಬದಲು ಜಾಕೆಟನ್ನೇ ಉಡುಪಿನ ಭಾಗ ಮಾಡಿಕೊಳ್ಳಿ.

ಜಾಕೆಟ್ ಸಾಮಾನ್ಯವಾಗಿ ಕಿತ್ತಳೆ. ಅದರ ಜೊತೆ ಕಡುನೀಲಿ, ಕಡುಹಸಿರು, ಬೂದು, ಬಿಳಿ ಚೆನ್ನಾಗಿ ಒಪ್ಪುತ್ತವೆ. ಕೆಂಪು, ಕೇಸರಿ ಹಾಕಿದರೆ ಜಾಕೆಟ್‌ನೊಳಗೆ ಕರಗಿಹೋಗುತ್ತದೆ. ಎದೆಯ ಭಾಗ ಹೇಗೂ ಮುಚ್ಚಿರುತ್ತದೆ, ಹಾಗಾಗಿ ಕಸೂತಿ, ಪ್ರಿಂಟ್ ತೋಳಿನಲ್ಲಿರಲಿ. ಕಾಲರ್ ಇರುವ ಅಂಗಿಯಾದರೆ ಕುತ್ತಿಗೆಗೆ ಪಟ್ಟಿ ಉಜ್ಜುವುದಿಲ್ಲ, ಫೋಟೊದಲ್ಲೂ ನೀಟಾಗಿ ಕಾಣುತ್ತದೆ. ಕೂದಲು ಕಟ್ಟಿ, ಮಲ್ಲಿಗೆ ಮುಡಿದರೂ ಅಡ್ಡಿಯಿಲ್ಲ. ಗಾಜಿನ ಬಳೆ, ಉದ್ದ ಸರ, ಜೋಲುವ ಕಿವಿಯೋಲೆ ಮನೆಯಲ್ಲಿರಲಿ. ಇಡೀ ಕುಟುಂಬಕ್ಕೆ ಒಂದೇ ಬಣ್ಣದ ಜೆರ್ಸಿ ಹಾಕಿದರೆ ಗ್ರೂಪ್ ಫೋಟೊಗೆ ಕಳೆ ಬರುತ್ತದೆ, ಬೋಟ್ ಇಳಿದ ಮೇಲೆ ಎಲ್ಲರೂ ಇದ್ದಾರೆಯೇ ಎಂದು ಎಣಿಸಲೂ ಸುಲಭ.

ಬ್ಯಾಗಿನಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಜೊತೆ ಒಣ ಬಟ್ಟೆ, ಒಂದು ಬೈರಾಸು ಇರಲಿ. ಫೋನನ್ನು ನೀರು ಹೋಗದ ಪೌಚಿನಲ್ಲಿ ಹಾಕಿ ಕುತ್ತಿಗೆಗೆ ನೇತು ಹಾಕಿ. "ವಾಟರ್‌ಪ್ರೂಫ್" ಎನ್ನುವ ಫೋನುಗಳ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ಅಳಿವೆಯ ಉಪ್ಪುನೀರಿನಲ್ಲಿ ಅಲ್ಲ.

ನೀರಿಗೆ ಬಿದ್ದೇಬಿಟ್ಟರೆ?

ಬಟ್ಟೆ ಕಳಚಲು ಒದ್ದಾಡಬೇಡಿ, ದಣಿವು ಹೆಚ್ಚುತ್ತದೆ. ಕಾಲಿಗೆ ಸುತ್ತಿಕೊಂಡದ್ದನ್ನು ಮಾತ್ರ ಸಡಿಲಿಸಿ. ಬೆನ್ನ ಮೇಲೆ ಮಲಗಿದಂತೆ ಮುಖ ಆಕಾಶಕ್ಕೆ ಮಾಡಿ, ಉಸಿರು ತುಂಬಿಕೊಂಡು ತೇಲಿ. ಬೋಟ್ ಮಗುಚಿ ತೇಲುತ್ತಿದ್ದರೆ ಅದನ್ನೇ ಹಿಡಿದುಕೊಳ್ಳಿ. ದಡ ಹತ್ತಿರ ಕಂಡರೂ ಪ್ರವಾಹಕ್ಕೆ ಎದುರಾಗಿ ಈಜಬೇಡಿ.

ಫಾರ್ವರ್ಡ್ ಮಾಡಲು: ಬೋಟಿಂಗ್ ಉಡುಪಿನ 8 ಸೂತ್ರ

1. ಮೊದಲು ಜಾಕೆಟ್. ಬಕಲ್ ಹಾಕಿ, ಎಳೆದು ನೋಡಿ. ಇಳಿಯುವವರೆಗೆ ಬಿಚ್ಚಬೇಡಿ, ಫೋಟೊಗೂ ಬಿಚ್ಚಬೇಡಿ.
2. ಜೀನ್ಸ್ ಬೇಡ. ಟ್ರ್ಯಾಕ್ ಪ್ಯಾಂಟ್, ಲೆಗ್ಗಿಂಗ್ಸ್ ಸಾಕು.
3. ಉದ್ದ ತೋಳಿನ ಜೆರ್ಸಿ ಅಥವಾ ಹಗುರವಾದ ಅಂಗಿ.
4. ದುಪಟ್ಟಾ ಬ್ಯಾಗಿನಲ್ಲಿ, ಸೆರಗು ಜಾಕೆಟ್‌ನ ಒಳಗೆ.
5. ಪಟ್ಟಿ ಇರುವ ಸ್ಯಾಂಡಲ್, ದಾರ ಇರುವ ಟೋಪಿ.
6. ಮಕ್ಕಳಿಗೆ ಅವರ ಅಳತೆಯ ಜಾಕೆಟ್, ಹೊಳೆಯುವ ಬಣ್ಣದ ಬಟ್ಟೆ.
7. ಒಂದು ಜೊತೆ ಒಣ ಬಟ್ಟೆ, ಒಂದು ಬೈರಾಸು.
8. ಜಾಕೆಟ್ ಸಾಲದಿದ್ದರೆ, ಜನ ಹೆಚ್ಚಾಗಿದ್ದರೆ ಮುಂದಿನ ಬೋಟಿಗೆ ಕಾಯಿರಿ.

ಈ ಭಾನುವಾರ ಹೊರಡುವವರು ನಿಮ್ಮ ಗ್ರೂಪಿನಲ್ಲಿದ್ದರೆ, ಇವತ್ತೇ ಅವರಿಗೆ ಕಳುಹಿಸಿ.